ಓಟದ ಒಡೆತನ

ಕೋಣಕ್ಕೆ ಯಜಮಾನನುಂಟು, ಗದ್ದೆಗೆ ಯಜಮಾನನುಂಟು, ನೊಗ ಹಲಗೆಗಳಿಗೂ ಉಂಟು. ಕೋಣವನ್ನು ಮಾರಿದರೆ ಹಣವು ಯಾರ ಕೈಗೆ ಸೇರತಕ್ಕುದೆಂಬ ವಿಷಯದಲ್ಲಿ ಯಾವ ಪಂಚಾಯತಿಯೂ ತಲೆ ಕೆಡಿಸಿಕೊಳ್ಳಬೇಕಾದುದಿಲ್ಲ. ಆದರೆ ಎರಡು ಜೊತೆ ಕೋಣಗಳು ಒಂದೇ ಹೊತ್ತಿನಲ್ಲಿ ಗಂತಿನಿಂದ ಹೊರಟು ಮಂಜೊಟ್ಟಿಯನ್ನು ಏರುವಷ್ಟರೊಳಗೆ ಹುಟ್ಟಿ ಮುಗಿದುಹೋಗುವ ‘ಓಟ’ವೆಂಬ ವಸ್ತುವೊಂದುಂಟಷ್ಟೆ, ಅದು ಯಾರದು? ಕೋಣ ಸಾಕಿದವನದೆ, ಓಡಿಸಿದವನದೆ, ಕರೆಯನ್ನು ಕಟ್ಟಿಸಿದವನದೆ, ನಿಯಮ ಬರೆದ ಸಮಿತಿಯದೆ, ಅಥವಾ ದಡದ ಮೇಲೆ ನಿಂತು ಕೂಗಿದ ಜನರದೆ? ಕೇಳುವಾಗ ಇದು ಬರಿಯ ತರ್ಕದ ಆಟವೆಂದು ತೋರುವುದು. ಆದರೆ ಲೋಕದಲ್ಲಿ ಈ ಪ್ರಶ್ನೆಯ ಮೇಲೆ ನೂರಾರು ಕೋಟಿಗಳ ವ್ಯವಹಾರಗಳು ನಡೆದಿವೆ, ನ್ಯಾಯಾಸ್ಥಾನಗಳು ತೀರ್ಪಿತ್ತಿವೆ, ತಂಡಗಳು ಬದುಕಿವೆ, ಸತ್ತಿವೆ. ಪುತ್ತೂರಿನ ದೇವರಮಾರು ಗದ್ದೆಯ ಕೋಟಿ-ಚೆನ್ನಯ ಜೋಡುಕರೆಯನ್ನು ಸುಳ್ಯ ಕಡಬಗಳ ತೋಟದ ಮನೆಯಲ್ಲಿ ಕುಳಿತು ಕೈಯಳತೆಯ ಯಂತ್ರದಲ್ಲಿ ನೋಡುವ ಕಾಲವು ಬಂದಿರುವುದರಿಂದ, ಪ್ರಶ್ನೆಯು ಈ ಸೀಮೆಯ ಅಂಗಳಕ್ಕೂ ಬಂದು ನಿಂತಿದೆ ಎನ್ನಬೇಕು.

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗಿದೆ. ಓಟವನ್ನು ಯಾವನೂ ಒಬ್ಬನೇ ಉಂಟುಮಾಡಲಾರನು. ಗಾಯಕನು ಒಬ್ಬನೇ ಹಾಡಬಲ್ಲನು. ಚಿತ್ರಕಾರನು ಒಬ್ಬನೇ ಬರೆಯಬಲ್ಲನು. ಆದರೆ ಎದುರು ಕರೆಯಲ್ಲಿ ಇನ್ನೊಂದು ಜೊತೆಯಿಲ್ಲದಿದ್ದರೆ, ಎಷ್ಟು ವೇಗವಾಗಿ ಓಡಿದರೂ ಅದು ಓಟವೇ ಹೊರತು ಪಂದ್ಯವಲ್ಲ. ಸೋಲುವವನು ಗೆಲ್ಲುವವನಷ್ಟೇ ಅಗತ್ಯ. ಹೀಗೆ, ಪರಸ್ಪರ ಸೋಲಿಸಲೆಂದು ಬಂದವರೇ ಕೂಡಿ ನಿರ್ಮಿಸುವ ವಿಚಿತ್ರವಾದ ಸ್ವತ್ತು ಇದು. ತೆಂಗಿನಕಾಯಿಯನ್ನೋ ಬಾಳೆಗೊನೆಯನ್ನೋ ಬಹುಮಾನವಾಗಿ ಕೊಡುತ್ತಿದ್ದ ಕಾಲದಲ್ಲಿ ಇದರ ಒಡೆತನವನ್ನು ಯಾರೂ ವಿಚಾರಿಸಲಿಲ್ಲ. ವಿಚಾರಿಸಿ ಲಾಭವೂ ಇರಲಿಲ್ಲ. ನೋಡುವವನು ಗದ್ದೆಯ ಹುಣಿಯ ಮೇಲೆ ನಿಂತು ನೋಡುತ್ತಿದ್ದನು. ನೋಟವು ಗಾಳಿಯಂತೆ ಬಿಟ್ಟಿಯಾಗಿದ್ದಿತು. ಎಂದು ನೋಟವನ್ನು ದೂರಕ್ಕೆ ಸಾಗಿಸುವ ಯಂತ್ರವು ಬಂದಿತೋ ಅಂದು ಅದಕ್ಕೆ ಬಾಗಿಲಿಡುವುದೂ ಸಾಧ್ಯವಾಯಿತು. ಬಾಗಿಲಿದ್ದಲ್ಲಿ ಬೀಗವೂ ಬೀಗದ ಕೈಯನ್ನು ಹಿಡಿದವನೂ ಇರಲೇಬೇಕು.

ಈ ಸಂಕಟವನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ದೊಡ್ಡ ಪ್ರಮಾಣದಲ್ಲಿ ಅನುಭವಿಸಿದುದು ಮೋಟಾರು ಓಟ. ಅದರಲ್ಲಿಯೂ ಫಾರ್ಮುಲಾ ಒನ್ ಎಂಬ ಅದರ ಉತ್ತುಂಗ ಶ್ರೇಣಿ. ಇದರ ಜಾಗತಿಕ ಸ್ಪರ್ಧಾಮಾಲಿಕೆಯು ೧೯೫೦ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ಆರಂಭವಾಯಿತು. ನಿಯಮಗಳನ್ನು ಮಾಡುವ ಅಧಿಕಾರವು ೧೯೦೪ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ಎಫ್.ಐ.ಎ. ಎಂಬ ಅಂತರರಾಷ್ಟ್ರೀಯ ಮೋಟಾರು ಸಂಘದ್ದು. ಆದರೆ ಓಟದ ಹಾದಿಗಳ ಮಾಲಿಕರೊಡನೆ ಪ್ರತಿಯೊಂದು ತಂಡವೂ ತನ್ನ ತನ್ನ ಸಂಭಾವನೆಯನ್ನು ಪ್ರತ್ಯೇಕವಾಗಿ ಚೌಕಾಸಿ ಮಾಡಿಕೊಳ್ಳುತ್ತಿದ್ದಿತು. ಒಬ್ಬೊಬ್ಬನಾಗಿ ಮಾರುವವನು ಸದಾ ಕಡಿಮೆ ಬೆಲೆಗೆ ಮಾರುತ್ತಾನೆ. ಈ ಮಾತಿನ ಸತ್ಯವನ್ನು ಪುತ್ತೂರಿನ ಅಡಿಕೆ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಕಾಲದ ಒಂದು ಸಾದೃಶ್ಯವಿದೆ. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟ ಮೇಲೆ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ, ಕರ್ನಾಟಕ ಕೇರಳಗಳ ಬೆಳೆಗಾರರನ್ನು ಒಂದುಗೂಡಿಸಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆಯು ೧೯೭೩ರ ಜುಲೈ ೧೧ರಂದು ಮಂಗಳೂರಿನಲ್ಲಿ ಹುಟ್ಟಿತು. ಮರುವರ್ಷ, ಅಂದರೆ ೧೯೭೪ರಲ್ಲಿ, ಫಾರ್ಮುಲಾ ಒನ್ ತಂಡಗಳ ಒಕ್ಕೂಟವು ಹುಟ್ಟಿತು. ಉದ್ದೇಶವು ಎರಡಕ್ಕೂ ಬಹುಮಟ್ಟಿಗೆ ಒಂದೇ: ಬೆಳೆದವರು ಕೂಡಿ ಮಾರುವುದು. ಒಂದನ್ನು ಹುಟ್ಟಿಸಿದುದು ಅಡಿಕೆ, ಇನ್ನೊಂದನ್ನು ಹುಟ್ಟಿಸಿದುದು ವೇಗ. ಕ್ಯಾಂಪ್ಕೊ ಇಂದಿಗೂ ಬೆಳೆಗಾರ ಸದಸ್ಯರದಾಗಿಯೇ ಉಳಿದಿದೆ. ೧೯೮೬ರಲ್ಲಿ ಪುತ್ತೂರಿನಲ್ಲಿ ಅದು ಕಟ್ಟಿದ ಚಾಕೊಲೇಟು ಕಾರ್ಖಾನೆಯನ್ನು ಯಾವ ಕಾರ್ಯದರ್ಶಿಯೂ ತನ್ನ ಹೆಸರಿಗೆ ಬರೆಸಿಕೊಂಡುದಿಲ್ಲ. ತಂಡಗಳ ಒಕ್ಕೂಟದ ಕಥೆ ಹಾಗಾಗಲಿಲ್ಲ.

ಒಕ್ಕೂಟದ ಪರವಾಗಿ ಮಾತನಾಡಲು ನಿಂತವನು ಬ್ರಾಭಮ್ ತಂಡದ ಒಡೆಯನಾಗಿದ್ದ ಬರ್ನಿ ಎಕ್ಲ್‌ಸ್ಟೋನ್. ಹಿಂದೆ ಮೋಟಾರು ಸೈಕಲುಗಳ ವ್ಯಾಪಾರಿ. ಉಳಿದ ಒಡೆಯರಿಗೆ ಯಂತ್ರದ ಹುಚ್ಚು; ಲೆಕ್ಕದ ಪುಸ್ತಕವೆಂದರೆ ಬೇಸರ. ಆತನು ಓಟಗಳನ್ನು ಒಟ್ಟಾಗಿ ಮಾರಿದನು, ಬರಬೇಕಾದ ಹಣವನ್ನು ತಪ್ಪದೆ ತರಿಸಿದನು, ಸಾಮಾನುಗಳನ್ನು ಖಂಡದಿಂದ ಖಂಡಕ್ಕೆ ಸಾಗಿಸುವ ಏರ್ಪಾಡು ಮಾಡಿದನು. ನಿಯಮ ಮಾಡುವವರಿಗೂ ಓಡುವವರಿಗೂ ೧೯೮೦-೮೧ರಲ್ಲಿ ಬಲವಾದ ಕಲಹವಾಗಿ, ಕೊನೆಗೆ ೧೯೮೧ರಲ್ಲಿ ಒಂದು ಒಡಂಬಡಿಕೆಯಾಯಿತು. ಪ್ಯಾರಿಸಿನ ಕಾಂಕೋರ್ಡ್ ಚೌಕದಲ್ಲಿದ್ದ ಸಂಘದ ಕಚೇರಿಯಿಂದಾಗಿ ಅದಕ್ಕೆ ಕಾಂಕೋರ್ಡ್ ಒಪ್ಪಂದವೆಂದು ಹೆಸರು. ಆ ಭಾಷೆಯಲ್ಲಿ ಕಾಂಕೋರ್ಡ್ ಎಂದರೆ ಸೌಹಾರ್ದವೆಂದು ಅರ್ಥವಂತೆ. ಹೆಸರುಗಳಿಗೂ ಒಮ್ಮೊಮ್ಮೆ ವಿನೋದದ ಸ್ವಭಾವವಿರುತ್ತದೆ. ನಿಯಮ ಸಂಘದ್ದು, ಟೆಲಿವಿಷನ್ ಹಕ್ಕಿನ ಮಾರಾಟ ಒಕ್ಕೂಟದ್ದು ಎಂದು ತೀರ್ಮಾನವಾಯಿತು.

ಮುಂದೆ ೧೯೮೭ರ ಒಪ್ಪಂದದ ಹೊತ್ತಿಗೆ ಟೆಲಿವಿಷನ್ ಹಣವು ಮೂರು ಪಾಲಾಗುತ್ತಿದ್ದಿತು: ತಂಡಗಳಿಗೆ ನೂರಕ್ಕೆ ೪೭, ಸಂಘಕ್ಕೆ ೩೦, ಎಕ್ಲ್‌ಸ್ಟೋನನ ಸ್ವಂತ ಸಂಸ್ಥೆಗೆ ೨೩. ಈ ಮೂರನೆಯ ಅಂಕಿಯಲ್ಲಿಯೇ ಮುಂದಿನ ಕಥೆಯೆಲ್ಲ ಅಡಗಿದೆ. ದಳ್ಳಾಳಿಯು ಪಾಲುಗಾರನಾದನು. ೧೯೯೦ರ ದಶಕದ ನಡುವಿನಲ್ಲಿ ಸಂಘವು ವಾಣಿಜ್ಯದ ಹಕ್ಕುಗಳನ್ನು ಒಕ್ಕೂಟದ ಕೈಗೆ ಕೊಡದೆ ಆತನ ಸಂಸ್ಥೆಗೇ ನೇರವಾಗಿ ಕೊಟ್ಟಿತು, ಪಾಲುಗಾರನು ಯಜಮಾನನಾದನು. ಆಗ ಆ ಸಂಘದ ಅಧ್ಯಕ್ಷನಾಗಿದ್ದವನು ಮ್ಯಾಕ್ಸ್ ಮೋಸ್ಲಿ. ಹಿಂದೆ ತಂಡಗಳ ಒಕ್ಕೂಟಕ್ಕೆ ಕಾನೂನು ಸಲಹೆಗಾರನಾಗಿದ್ದವನೂ ಅವನೇ. ವಿಲಿಯಮ್ಸ್, ಮೆಕ್‌ಲಾರೆನ್, ಟಿರೆಲ್ ಎಂಬ ಮೂರು ತಂಡಗಳು ಇದು ತಮ್ಮೆಲ್ಲರ ಸ್ವತ್ತೆಂದು ವಾದಿಸಿ ೧೯೯೭ರ ಒಪ್ಪಂದಕ್ಕೆ ಮೊದಲು ಸಹಿ ಮಾಡಲಿಲ್ಲ. ಮರುವರ್ಷ ಹೊಸ ಒಪ್ಪಂದವಾಗಿ ಅವರೂ ಸೇರಿದರು. ಕಲಹವು ತೀರಿತು, ಪ್ರಶ್ನೆಯು ಉಳಿಯಿತು.

ಬಳಿಕ ೨೦೦೧ರಲ್ಲಿ ನಡೆದುದನ್ನು ಈ ಜಿಲ್ಲೆಯ ಭಾಷೆಯಲ್ಲಿಯೇ ಹೇಳುವುದು ಸುಲಭ: ಸಂಘವು ಓಟವನ್ನು ಮೂಲಗೇಣಿಗೆ ಕೊಟ್ಟಿತು. ೨೦೧೧ರಿಂದ ೨೧೧೦ರವರೆಗೆ, ಪೂರ್ತಿ ನೂರು ವರ್ಷಗಳಿಗೆ, ವಾಣಿಜ್ಯದ ಹಕ್ಕುಗಳೆಲ್ಲವೂ ೩೦ ಕೋಟಿ ಡಾಲರುಗಳನ್ನು ಮೀರಿದ ಒಂದು ಮೊತ್ತಕ್ಕೆ ಒಂದೇ ಸಲ ಹೋದುವು. ಈ ಹಣದಿಂದ ಸಂಘವು ರಸ್ತೆ ಸುರಕ್ಷತೆಯ ಕೆಲಸಕ್ಕಾಗಿ ೩೦ ಕೋಟಿ ಡಾಲರುಗಳ ಪ್ರತಿಷ್ಠಾನವೊಂದನ್ನು ಕಟ್ಟಿತೆಂಬುದನ್ನು ಮರೆಯಲಾಗದು. ಹಣವು ಯಾರ ಹೊಟ್ಟೆಗೂ ಹೋಗಲಿಲ್ಲ, ಒಳ್ಳೆಯ ಕಾರ್ಯಕ್ಕೇ ಹೋಯಿತು. ಆದರೆ ದಾನವು ಒಳ್ಳೆಯದಾದ ಮಾತ್ರಕ್ಕೆ ಮಾರಾಟವು ಒಳ್ಳೆಯದಾಗುವುದಿಲ್ಲ. ಆ ಹಕ್ಕುಗಳು ಕೈಯಿಂದ ಕೈಗೆ ದಾಟಿ ೨೦೧೭ರ ಜನವರಿಯಲ್ಲಿ ಲಿಬರ್ಟಿ ಮೀಡಿಯಾ ಎಂಬ ಅಮೇರಿಕದ ಸಂಸ್ಥೆಗೆ ಸೇರಿದಾಗ, ಸಾಲವನ್ನೂ ಕೂಡಿಸಿ, ವ್ಯಾಪಾರದ ಬೆಲೆಯನ್ನು ಸುಮಾರು ೮೦೦ ಕೋಟಿ ಡಾಲರುಗಳೆಂದು ಕಟ್ಟಲಾಗಿದ್ದಿತು. ನಡುವೆ ಬಂದ ಒಡೆಯರಲ್ಲಿ ಹೆಚ್ಚಿನವರು ಒಂದು ಕಾರನ್ನೂ ಕಟ್ಟಿದವರಲ್ಲ, ಓಡಿಸಿದವರಲ್ಲ, ಹಾದಿಗೆ ಡಾಮರು ಹಾಸಿದವರಲ್ಲ.

ಇಲ್ಲಿ ಎಕ್ಲ್‌ಸ್ಟೋನನ ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಆತನ ಕೈಸೇರುವ ಮೊದಲು ಆ ಹಕ್ಕಿಗೆ ಬೆಲೆಯೇ ಇರಲಿಲ್ಲವೆಂದು ಆತನ ಪರವಾದವರು ಹೇಳುವರು; ತಂಡಗಳವರಿಗೆ ಅದನ್ನು ಬೆಳೆಸುವ ತಾಳ್ಮೆಯಾಗಲಿ ನಷ್ಟ ತಾಳುವ ಎದೆಯಾಗಲಿ ಇರಲಿಲ್ಲ. ಬಂಜರನ್ನು ಹದಗೊಳಿಸಿದವನು ಬೆಳೆಯನ್ನು ಉಣ್ಣುವುದರಲ್ಲಿ ತಪ್ಪೇನು? ಈ ವಾದವನ್ನು ಸುಲಭವಾಗಿ ತಳ್ಳಿಹಾಕುವುದು ದಕ್ಷಿಣ ಕನ್ನಡದವನಿಗೆ ಶೋಭಿಸದು. ಏಕೆಂದರೆ ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಈ ಜಿಲ್ಲೆಯ ಮುಖವನ್ನೇ ಬದಲಿಸಿತು. ಅದರ ಬುಡದಲ್ಲಿದ್ದುದು ಇದೇ ತತ್ತ್ವ, ಉಳುವವನೇ ಹೊಲದೊಡೆಯನೆಂಬುದು. ಚಾಲಗೇಣಿಯ ಒಕ್ಕಲು ತಾನು ಉತ್ತ ಭೂಮಿಗೆ ಹಕ್ಕುದಾರನಾದನು. ಹಾಗಾದರೆ ಓಟವೆಂಬ ಹೊಲವನ್ನು ಉತ್ತವನು ಎಕ್ಲ್‌ಸ್ಟೋನನೇ ಎಂದೇಕೆ ಹೇಳಬಾರದು?

ಹೇಳಬಹುದು, ಆದರೆ ಅರ್ಧಕ್ಕೆ ಮಾತ್ರ. ಭೂಸುಧಾರಣೆಯು ಭೂಮಿಯನ್ನು ಕೊಟ್ಟುದು ಸ್ವತಃ ದುಡಿಯುವವನಿಗೆ; ಬೆಳೆಯನ್ನು ಪೇಟೆಗೆ ಹೊತ್ತು ಮಾರಿಕೊಟ್ಟವನಿಗಲ್ಲ. ಮಾರಿಕೊಟ್ಟವನಿಗೆ ಕೂಲಿಯುಂಟು, ಜಾಣ್ಮೆಗೆ ತಕ್ಕ ದೊಡ್ಡ ಕೂಲಿಯೇ ಉಂಟು. ಆದರೆ ಕೂಲಿಯು ಎಷ್ಟು ದೊಡ್ಡದಾದರೂ ಅದು ಪಟ್ಟೆಯಾಗುವುದಿಲ್ಲ. ಮೇಲಾಗಿ ಆ ಹೊಲದಲ್ಲಿ ದುಡಿದವರು ಅನೇಕರು. ಸುತ್ತಿಗೆ ಹಿಡಿದ ಯಂತ್ರಗಾರನು ದುಡಿದನು. ಪ್ರಾಣವನ್ನು ಪಣವಿಟ್ಟ ಚಾಲಕನು ದುಡಿದನು. ಆ ದಶಕಗಳಲ್ಲಿ ಸುಟ್ಟು ಸತ್ತವರು ಕೆಲವರಲ್ಲ. ಮಳೆಯಲ್ಲಿ ನಿಂತು ನೋಡಿದವನೂ ಒಂದು ವಿಧದಲ್ಲಿ ದುಡಿದನೆನ್ನಬೇಕು. ನೋಡುವವನಿಲ್ಲದ ಓಟವನ್ನು ಯಾರು ಕೊಳ್ಳುವರು? ಇಷ್ಟು ಜನರ ಬೆವರು ಬಿದ್ದ ವಸ್ತುವನ್ನು, ಅವರಲ್ಲಿ ಯಾರೂ ಬದುಕಿರಲಾರದ ೨೧೧೦ನೆಯ ಇಸವಿಯವರೆಗೆ ಬರೆದುಕೊಡುವ ಅಧಿಕಾರವು ಒಂದು ಸಂಘಕ್ಕೆ ಎಲ್ಲಿಂದ ಬಂದಿತೆಂಬುದೇ ಮುಖ್ಯವಾದ ಪ್ರಶ್ನೆ. ಈ ಸೀಮೆಯಲ್ಲಿ ಅದಕ್ಕೆ ಒಂದು ಹಳೆಯ ಮಾತಿದೆ: ಮೊಕ್ತೇಸರ. ಮೊಕ್ತೇಸರನು ದೇವಸ್ಥಾನದ ಆಡಳಿತವನ್ನು ನಡೆಸುತ್ತಾನೆ. ತೆಂಗಿನ ಫಸಲನ್ನು ವರ್ಷಕ್ಕೆ ಇಷ್ಟೆಂದು ಏಲಮಿಗೆ ಹಾಕುತ್ತಾನೆ. ಆದರೆ ತೆಂಗಿನ ಮರಗಳನ್ನೇ ನೂರು ವರ್ಷಕ್ಕೆ ಬರೆದುಕೊಡುವ ಮೊಕ್ತೇಸರನನ್ನು ಮಾಗಣೆಯ ಜನರು ಏನು ಮಾಡುವರೆಂದು ಹೇಳಬೇಕಾಗಿಲ್ಲ.

ಇನ್ನು ನಿಯಮ ಮಾಡುವವನು ವ್ಯಾಪಾರದಲ್ಲಿ ಪಾಲು ಹೊಂದಬಹುದೆ ಎಂಬ ಪ್ರಶ್ನೆ. ಯುರೋಪಿನ ಆಯೋಗವು ೧೯೯೯ರಿಂದ ಇದನ್ನು ವಿಚಾರಿಸಿ, ೨೦೦೧ರಲ್ಲಿ ಸಂಘವು ನಿಯಮದ ಕೆಲಸಕ್ಕೆ ಮಾತ್ರ ಸೀಮಿತವಾಗಿರತಕ್ಕುದು, ವಾಣಿಜ್ಯದ ಬಾಧ್ಯತೆಯಿಂದ ದೂರವಿರತಕ್ಕುದು ಎಂಬ ಷರತ್ತಿನ ಮೇಲೆ ವ್ಯವಹಾರವನ್ನು ಮುಗಿಸಿತು. ತನ್ನ ಕೋಣಗಳೇ ಓಡುತ್ತಿರುವಾಗ ತಾನೇ ತೀರ್ಪುಗಾರನಾಗಿ ಕುಳಿತುಕೊಳ್ಳಬಾರದೆಂಬಷ್ಟು ಸಾಮಾನ್ಯವಾದ ನ್ಯಾಯವಿದು. ಆದರೂ ೨೦೧೩ರಲ್ಲಿ ಸಂಘವು ಅದೇ ವಾಣಿಜ್ಯ ಸಂಸ್ಥೆಯಲ್ಲಿ ನೂರಕ್ಕೆ ಒಂದರಂತೆ ಪಾಲು ಪಡೆಯಿತು. ಒಂದೇ ಒಂದು ಎಂದು ಹೇಳುವುದುಂಟು. ಹಾಲಿಗೆ ಹುಳಿ ಎಷ್ಟು ಬೇಕು?

ಅಧಿಕಾರವನ್ನು ಬೇರ್ಪಡಿಸಿದರೆ ಎಲ್ಲವೂ ಸರಿಹೋಗುವುದೆಂದು ಭಾವಿಸುವುದೂ ಅವಸರವಾದೀತು. ಆಂಡ್ರೆಟ್ಟಿ ಎಂಬ ಅಮೇರಿಕದ ತಂಡವು ಹೊಸದಾಗಿ ಸೇರಲು ಬಯಸಿದಾಗ, ೨೦೨೩ರ ಅಕ್ಟೋಬರಿನಲ್ಲಿ ಸಂಘವು ಯೋಗ್ಯವೆಂದಿತು. ೨೦೨೪ರ ಜನವರಿಯಲ್ಲಿ ವಾಣಿಜ್ಯದ ಒಡೆಯನು ಬೇಡವೆಂದನು. ಆಟದ ನಿಯಮವು ಬಾಗಿಲು ತೆರೆಯಿತು, ಆಟದ ಹಣವು ಮುಚ್ಚಿತು. ಇರುವ ಹತ್ತು ತಂಡಗಳು ಪಾಲು ಕಡಿಮೆಯಾಗುವುದೆಂದು ಅಂಜಿದುವೆಂಬುದು ಗುಟ್ಟಲ್ಲ. ಕಡೆಗೆ ಜನರಲ್ ಮೋಟಾರ್ಸ್ ಎಂಬ ಬೃಹತ್ ಸಂಸ್ಥೆಯು ಮುಂದೆ ಬಂದ ಮೇಲೆ, ಕ್ಯಾಡಿಲಾಕ್ ಎಂಬ ಹೆಸರಿನಿಂದ, ೨೦೨೬ರ ಮಾಲಿಕೆಗೆ ಹನ್ನೊಂದನೆಯ ತಂಡವಾಗಿ ಪ್ರವೇಶ ದೊರೆಯಿತು. ಯಾರ ಕೈಚೀಲವು ತೂಕದ್ದೋ ಅವರಿಗೆ ಬಾಗಿಲು ಬೇಗನೆ ತೆರೆಯುವುದೆಂಬುದು ಹೊಸ ಸಂಗತಿಯೇನಲ್ಲ. ಆದರೆ ಪಂದ್ಯವೆಂಬುದು ಯೋಗ್ಯತೆಯನ್ನು ಅಳೆಯುವ ಸಾಧನವಾಗಿರುವಲ್ಲಿ, ಪ್ರವೇಶಕ್ಕೇ ಬೇರೊಂದು ಅಳತೆಗೋಲನ್ನು ಇಟ್ಟರೆ ಒಳಗೆ ಅಳೆದುದಕ್ಕೆ ಏನು ಬೆಲೆ?

ಸಣ್ಣವರ ಪಾಡು ಏನಾಯಿತೆಂಬುದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ಪುತ್ತೂರಿಗೆ ನೆರೆಯಾದ ಬಂಟ್ವಾಳದ ಮೂಲದ ಕುಟುಂಬಕ್ಕೆ ಸೇರಿದ ವಿಜಯ ಮಲ್ಯರು ೨೦೦೭ರಲ್ಲಿ ಡಚ್ಚರೊಬ್ಬರೊಡನೆ ಕೂಡಿ ಒಂದು ತಂಡವನ್ನು ಕೊಂಡು, ಅದಕ್ಕೆ ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟು, ೨೦೦೮ರಿಂದ ಓಡಿಸಿದರು. ಅಲ್ಪ ಬಂಡವಾಳದಲ್ಲಿಯೂ ಆ ತಂಡವು ೨೦೧೬, ೨೦೧೭ರ ಎರಡು ಮಾಲಿಕೆಗಳಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. ಆದರೆ ಹಣದ ಪಾಲು ಸ್ಥಾನಕ್ಕೆ ತಕ್ಕಂತೆ ಬರುವುದಲ್ಲ. ಫೆರಾರಿ ತಂಡಕ್ಕೆ, ಆರಂಭದಿಂದಲೂ ಇರುವ ಕಾರಣದಿಂದ, ಗೆಲ್ಲಲಿ ಸೋಲಲಿ, ಪ್ರತ್ಯೇಕವಾದ ಹಣವುಂಟು. ಒಪ್ಪದ ನಿಯಮವನ್ನು ತಡೆಯುವ ಅಧಿಕಾರವೂ ಉಂಟು. ಹಳೆಯ ಕಂಬಳಗಳಲ್ಲಿ ಹಲವೆಡೆ ಗುತ್ತಿನ ಮನೆಯ ಕೋಣಗಳು ಮೊದಲು ಗದ್ದೆಗಿಳಿಯುವ ಮರ್ಯಾದೆಯಿದೆ. ಆ ಮರ್ಯಾದೆಯನ್ನು ಯಾರೂ ಆಕ್ಷೇಪಿಸಿದುದಿಲ್ಲ, ಏಕೆಂದರೆ ಅದರಿಂದ ಬೇರೆಯವರ ಕೋಣದ ಹುರುಳಿ ಕಡಿಮೆಯಾಗುವುದಿಲ್ಲ. ಫೆರಾರಿಯ ಮರ್ಯಾದೆಯು ಉಳಿದವರ ತಟ್ಟೆಯಿಂದ ಎತ್ತಿದ ಮರ್ಯಾದೆ.

ಮತ್ತು ೨೦೧೩ರಿಂದ ನಿಯಮಗಳ ಮೊದಲ ವಿಚಾರವನ್ನು ಹದಿನೆಂಟು ಮತಗಳ ಒಂದು ಮಂಡಲಿಗೆ ಒಪ್ಪಿಸಲಾಗಿದ್ದಿತು: ಸಂಘಕ್ಕೆ ಆರು, ವಾಣಿಜ್ಯದ ಒಡೆಯನಿಗೆ ಆರು, ತಂಡಗಳಿಗೆ ಆರು. ತಂಡಗಳ ಆರರಲ್ಲಿ ಐದು ಕಾಯಂ ಹಿರಿಯರವು. ಹೊರಗುಳಿದ ಸಣ್ಣವರು ತಮ್ಮ ಖರ್ಚನ್ನು ನಿರ್ಧರಿಸುವ ಕೋಣೆಯ ಹೊರಗೆ ನಿಂತು ಒಳಗಿನ ಮಾತಿಗೆ ಕಿವಿಗೊಡಬೇಕಾಯಿತು. ೨೦೧೫ರ ಸೆಪ್ಟೆಂಬರಿನಲ್ಲಿ ಫೋರ್ಸ್ ಇಂಡಿಯಾ, ಸೌಬರ್ ಎಂಬ ಎರಡು ತಂಡಗಳು ಈ ಹಂಚಿಕೆಯೂ ಈ ಆಡಳಿತವೂ ಅನ್ಯಾಯವೆಂದು ಯುರೋಪಿನ ಆಯೋಗಕ್ಕೆ ದೂರಿತ್ತುವು. ಒಡೆತನವು ಬದಲಾದ ಮೇಲೆ ೨೦೧೮ರ ಆರಂಭದಲ್ಲಿ ದೂರನ್ನು ಹಿಂದಕ್ಕೆ ಪಡೆದುವು. ಅದೇ ವರ್ಷದ ಜುಲೈಯಲ್ಲಿ ಫೋರ್ಸ್ ಇಂಡಿಯಾ ಸಾಲದ ಭಾರದಿಂದ ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು. ಸುಮಾರು ನಾಲ್ಕು ನೂರು ಜನರ ಉದ್ಯೋಗವು ತೂಗುಯ್ಯಾಲೆಯಲ್ಲಿದ್ದಿತು. ಕೆನಡದ ಧನಿಕರೊಬ್ಬರ ಗುಂಪು ಅದನ್ನು ಕೊಂಡಿತು. ಇದರ ದೋಷವನ್ನೆಲ್ಲ ಹಂಚಿಕೆಯ ತಲೆಗೆ ಕಟ್ಟುವುದು ಸರಿಯಲ್ಲ. ಯಜಮಾನರ ಇತರ ವ್ಯವಹಾರಗಳ ಕಥೆಯು ದೇಶಕ್ಕೆಲ್ಲ ತಿಳಿದುದೇ. ೨೦೧೬ರಲ್ಲಿಯೇ ಅವರು ಬ್ಯಾಂಕುಗಳ ಬಾಕಿಯನ್ನು ಹಿಂದೆ ಬಿಟ್ಟು ಇಂಗ್ಲೆಂಡಿಗೆ ಹೋಗಿದ್ದರು. ಆದರೆ ಲೋಕದಲ್ಲಿ ನಾಲ್ಕನೆಯದಾಗಿ ಗೆದ್ದ ತಂಡವೊಂದು ಒಬ್ಬ ಮನುಷ್ಯನ ಜೇಬು ಬರಿದಾದೊಡನೆ ಮುಳುಗತಕ್ಕುದಾದರೆ, ಆ ಗೆಲುವಿನಿಂದ ಅದಕ್ಕೆ ಏನು ದೊರೆತಂತಾಯಿತು?

ಇದಕ್ಕೆ ಮದ್ದೆಂದು ೨೦೨೧ರಿಂದ ಖರ್ಚಿಗೆ ಮಿತಿಯನ್ನು ಕಟ್ಟಲಾಯಿತು. ಮೊದಲ ವರ್ಷಕ್ಕೆ ತಂಡವೊಂದಕ್ಕೆ ೧೪ ಕೋಟಿ ೫೦ ಲಕ್ಷ ಡಾಲರು. ಆ ವರ್ಷ ಮಿತಿಯನ್ನು ಮೀರಿದ ರೆಡ್ ಬುಲ್ ತಂಡಕ್ಕೆ ೨೦೨೨ರಲ್ಲಿ ೭೦ ಲಕ್ಷ ಡಾಲರು ದಂಡವೂ ಪರೀಕ್ಷಾಕಾಲದಲ್ಲಿ ಕಡಿತವೂ ಆದುವು. ದಂಡವು ಸಾಲದೆಂದು ಹೇಳಿದವರುಂಟು. ಅದೇನೇ ಇರಲಿ, ಲೆಕ್ಕವನ್ನು ತೋರಿಸಬೇಕೆಂಬುದು ಬಂದಿತು. ಅದು ಸಣ್ಣ ಲಾಭವಲ್ಲ. ೨೦೦೯ರಲ್ಲಿ ಇಂತಹುದೇ ಮಿತಿಯ ಮಾತೆತ್ತಿದಾಗ ಎಂಟು ತಂಡಗಳು ಬೇರೆಯೇ ಮಾಲಿಕೆ ಕಟ್ಟುವೆವೆಂದು ಎದ್ದು ನಿಂತಿದ್ದುವು.

ಭಾರತದ ಅನುಭವವೂ ಇದೆ. ದೆಹಲಿಯ ಹತ್ತಿರದ ಗ್ರೇಟರ್ ನೋಯಿಡಾದಲ್ಲಿ ಕಟ್ಟಿದ ಬುದ್ಧ ಪಥದಲ್ಲಿ ೨೦೧೧, ೨೦೧೨, ೨೦೧೩ ಹೀಗೆ ಮೂರು ಸಲ ಓಟ ನಡೆದು, ನಿಂತುಹೋಯಿತು. ಹಾದಿಯನ್ನು ಕಟ್ಟಿದ ಸಂಸ್ಥೆಯು ಓಟವನ್ನು ನಡೆಸಿಕೊಳ್ಳುವ ಅನುಮತಿಗಾಗಿ ೪ ಕೋಟಿ ಡಾಲರು ತೆರಲು ಒಪ್ಪಿದ್ದಿತು. ಟೆಲಿವಿಷನ್, ಜಾಹೀರಾತು, ಶ್ರೀಮಂತ ಅತಿಥಿಗಳ ಉಪಚಾರ, ಇವುಗಳ ಆದಾಯವು ವಾಣಿಜ್ಯದ ಒಡೆಯನ ಬಳಗದ ಸಂಸ್ಥೆಗಳಿಗೆ ಹೋಗುವಂತಿದ್ದಿತು. ಕಟ್ಟಿದವನಿಗೆ ಉಳಿದುದು ಮುಖ್ಯವಾಗಿ ಚೀಟಿಯ ಹಣ. ತೆರಿಗೆಯ ವಿವಾದವು ಸುಪ್ರೀಂ ಕೋರ್ಟಿಗೆ ಹೋದಾಗ, ಓಟದ ದಿನಗಳಲ್ಲಿ ಆ ಸ್ಥಳವು ನಿಜವಾಗಿ ಯಾರ ವಶದಲ್ಲಿತ್ತೆಂಬುದೇ ವಿಚಾರವಾಯಿತು. ೨೦೧೭ರ ಏಪ್ರಿಲಿನಲ್ಲಿ ಬಂದ ತೀರ್ಪು: ಆ ದಿನಗಳ ಮಟ್ಟಿಗೆ ಆ ಹಾದಿಯೇ ಪರದೇಶದ ಸಂಸ್ಥೆಯ ಇಲ್ಲಿಯ ನೆಲೆ, ಆದುದರಿಂದ ಇಲ್ಲಿ ತೆರಿಗೆ ಸಲ್ಲತಕ್ಕುದು. ತೆರಿಗೆಯ ಸಂಗತಿಯನ್ನು ಬಿಟ್ಟು ನೋಡಿದರೂ, ಭೂಮಿ ಒಬ್ಬನದು, ಕಟ್ಟಿದ ಖರ್ಚು ಅವನದು, ಆದರೆ ಮುಖ್ಯವಾದ ಆ ಕೆಲವು ದಿನಗಳಲ್ಲಿ ಅವನೇ ಅತಿಥಿ ಎಂಬ ಚಿತ್ರವು ಮನಸ್ಸಿನಲ್ಲಿ ನಿಲ್ಲುವಂತಹುದು. ನೋಡುವವರ ಗತಿಯೂ ಸುಖಕರವಲ್ಲ. ಬ್ರಿಟನ್ನಿನಲ್ಲಿ ೨೦೧೯ರಿಂದ, ತಮ್ಮ ದೇಶದ ಒಂದು ಓಟದ ಹೊರತು, ಹಣ ತೆತ್ತವರಿಗೆ ಮಾತ್ರ ನೇರ ನೋಟ. ಭಾರತದಲ್ಲಿ ೨೦೨೨ರ ಬಳಿಕ ಸ್ಟಾರ್ ಸ್ಪೋರ್ಟ್ಸಿನ ಪ್ರಸಾರವು ನಿಂತು, ೨೦೨೩ರಲ್ಲಿ ಓಟದ ಒಡೆಯನದೇ ಅಂತರ್ಜಾಲ ವಾಹಿನಿಗೂ, ೨೦೨೪ರಲ್ಲಿ ಫ್ಯಾನ್‌ಕೋಡ್ ಎಂಬುದಕ್ಕೂ ಹೋಯಿತು.

ಇಷ್ಟು ದೂರದ ಕಥೆಯು ಕಂಬಳದ ಗದ್ದೆಗೆ ಹೇಗೆ ಸಂಬಂಧವೆಂದು ಕೇಳುವವರಿರಬಹುದು. ಕಂಬಳವಿನ್ನೂ ೧೯೭೪ರ ಹೊಸ್ತಿಲಿನಲ್ಲಿದೆ ಎಂಬುದೇ ಸಂಬಂಧ. ಸುಪ್ರೀಂ ಕೋರ್ಟಿನ ೨೦೧೪ರ ಮೇ ೭ರ ತೀರ್ಪಿನಿಂದಲೂ ೨೦೧೬ರ ಹೈಕೋರ್ಟಿನ ತಡೆಯಿಂದಲೂ ಅದರ ಉಸಿರು ಕಟ್ಟಿದ್ದಿತು. ೨೦೧೭ರ ರಾಜ್ಯದ ತಿದ್ದುಪಡಿಯಿಂದ ಬಿಡುಗಡೆಯಾಗಿ, ೨೦೨೩ರ ಮೇ ೧೮ರಂದು ಐವರು ನ್ಯಾಯಮೂರ್ತಿಗಳ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಡುವೆ, ೨೦೨೦ರ ಫೆಬ್ರವರಿಯಲ್ಲಿ, ಐಕಳದಲ್ಲಿ ಶ್ರೀನಿವಾಸ ಗೌಡರು ೧೪೨.೫ ಮೀಟರನ್ನು ೧೩.೬೨ ಸೆಕೆಂಡಿನಲ್ಲಿ ಓಡಿಸಿದ ಸುದ್ದಿಯು ಲೋಕವನ್ನೆಲ್ಲ ಸುತ್ತಿತು. ಕೇಂದ್ರದ ಮಂತ್ರಿಗಳು ಓಟದ ಪರೀಕ್ಷೆಗೆ ಕರೆದರು, ಗೌಡರು ವಿನಯದಿಂದ ಒಲ್ಲೆನೆಂದರು. ೨೦೨೩ರ ನವೆಂಬರ್ ೨೫, ೨೬ರಂದು, ಪುತ್ತೂರಿನ ಶಾಸಕರಾದ ಅಶೋಕ್ ಕುಮಾರ್ ರೈಗಳ ಮುಂದಾಳುತನದಲ್ಲಿ, ಬೆಂಗಳೂರಿನ ಅರಮನೆ ಮೈದಾನದಲ್ಲಿಯೇ ಕಂಬಳವಾಯಿತು. ಕೊಳ್ಳುವವರು ಇದ್ದಾರೆಂಬುದು ಆ ಎರಡು ದಿನಗಳಲ್ಲಿ ಸ್ಪಷ್ಟವಾಯಿತು. ಯೂಟ್ಯೂಬಿನಲ್ಲಿ ಪೂರ್ತಿ ರಾತ್ರಿಯ ಓಟವನ್ನು ಬಿಟ್ಟಿಯಾಗಿ ತೋರಿಸುವ ಸ್ಥಳೀಯ ವಾಹಿನಿಗಳ ಹಿಂದೆ ದೊಡ್ಡ ಕೈಯೊಂದು ಬರುವುದಕ್ಕೆ ಹೆಚ್ಚು ಕಾಲವೇನೂ ಬೇಕಾಗಲಾರದು.

ಬಂದರೆ ಯಾರೊಡನೆ ಮಾತನಾಡುವುದು? ಜೊತೆಯೊಂದನ್ನು ಸಾಕುವ ಯಜಮಾನನಿಗೆ ಹುರುಳಿ, ಎಣ್ಣೆ, ಆಳು, ಲಾರಿ ಎಂದು ವರ್ಷವಿಡೀ ಖರ್ಚು; ಗೆದ್ದರೆ ಬರುವ ಎರಡು ಪವನು ಬಂಗಾರವು ಅದರ ಮೂಲೆಗೂ ಸಾಲದು. ಅವನು ಓಡಿಸುವುದು ಮಾನಕ್ಕಾಗಿ. ಓಟಗಾರನಿಗೆ ಯಜಮಾನನು ಕೊಟ್ಟುದೇ ಗಳಿಕೆ. ಅವನ ಮೈಬಲದ ವರ್ಷಗಳು ಬೆರಳೆಣಿಕೆಯವು. ಊರಿನ ಸಮಿತಿಯು ಚಂದಾ ಎತ್ತಿ ಕರೆಯನ್ನು ಹಸನುಮಾಡುತ್ತದೆ. ಜಿಲ್ಲಾ ಸಮಿತಿಯು ದಿನಗಳನ್ನು ಗೊತ್ತುಮಾಡಿ ನಿಯಮಗಳನ್ನು ನೋಡಿಕೊಳ್ಳುತ್ತದೆ. ಪುತ್ತೂರಿನಲ್ಲಾದರೆ ನೆಲವು ಮಹಾಲಿಂಗೇಶ್ವರನದು. ಇವರಲ್ಲಿ ಪ್ರತಿಯೊಬ್ಬನೂ ಓಟದ ಒಂದೊಂದು ಅಂಶಕ್ಕೆ ಒಡೆಯನು, ಪೂರ್ತಿ ಓಟಕ್ಕೆ ಯಾವನೂ ಅಲ್ಲ. ಇಂತಹ ಸ್ಥಿತಿಯಲ್ಲಿಯೇ ಎಕ್ಲ್‌ಸ್ಟೋನರು ಹುಟ್ಟುವುದು. ಅವರು ಕಳ್ಳರಂತೆ ಗೋಡೆ ಒಡೆದು ಬರುವವರಲ್ಲ. ಎಲ್ಲರಿಗೂ ಬೇಸರವಾದ ಲೆಕ್ಕಪತ್ರವನ್ನು ತಾನು ನೋಡಿಕೊಳ್ಳುವೆನೆಂದು ನಗುಮುಖದಿಂದ ಮುಂದೆ ಬರುವವರು. ಮೊದಲ ಹತ್ತು ವರ್ಷ ಅವರಿಂದ ಉಪಕಾರವೇ ಆಗುತ್ತದೆ.

ಇನ್ನೂ ಒಂದು ಸಂಗತಿಯುಂಟು. ಕಾರಿನ ಓಟದಲ್ಲಿ ಅದಕ್ಕೆ ಸಮಾನವಾದುದಿಲ್ಲ. ೧೯೫೦ರ ಮಾಲಿಕೆಯಲ್ಲಿ ಏಳು ಓಟಗಳಿದ್ದುವು, ೨೦೨೪ರಲ್ಲಿ ಇಪ್ಪತ್ತನಾಲ್ಕು. ಪ್ರಸಾರದ ಹಣವು ಸದಾ ಇನ್ನೊಂದು ಓಟವನ್ನು ಕೇಳುತ್ತದೆ, ಅದರ ಹಸಿವೇ ಹಾಗೆ. ದಣಿದ ಚಾಲಕನು ದೂರಬಹುದು, ಸಹಿ ಹಾಕದೆ ಇರಬಹುದು, ಮನೆಗೆ ಹೋಗಬಹುದು, ಕಾರಿಗೆ ದಣಿವೆಂಬುದಿಲ್ಲ. ಕೋಣಕ್ಕೆ ದಣಿವಿದೆ, ಸಹಿಯಿಲ್ಲ. ೨೦೧೪ರಲ್ಲಿ ನ್ಯಾಯಾಸ್ಥಾನವು ಎತ್ತಿದ ಪ್ರಶ್ನೆಯು ನೋವಿನದು. ೨೦೨೩ರ ತೀರ್ಪಿನಿಂದ ಆಚರಣೆಯು ಉಳಿಯಿತೇ ಹೊರತು ಕೋಣಕ್ಕೆ ನೋವಾಗದೆಂದು ಯಾರೂ ತೀರ್ಮಾನಿಸಿದುದಲ್ಲ. ಅನಾವಶ್ಯಕವಾದ ಹಿಂಸೆಯಾಗದಂತೆ ನಡೆಸುವ ಹೊಣೆಯನ್ನು ಕಾನೂನು ನಡೆಸುವವರ ತಲೆಯ ಮೇಲೆಯೇ ಇಟ್ಟಿದೆ. ಗದ್ದೆಯು ಒಣಗುವ ಕಾಲ, ಜಾತ್ರೆಯ ಕಾಲ, ಕೋಣದ ವಿಶ್ರಾಂತಿಯ ಕಾಲ, ಇವು ಇಂದಿನವರೆಗೆ ಓಟಗಳ ಸಂಖ್ಯೆಗೆ ಕಟ್ಟು ಹಾಕಿದ್ದುವು. ಹೊನಲು ದೀಪದ ಕೆಳಗೆ, ಎಲ್ಲಿಯಾದರೂ ಕರೆ ಕಟ್ಟಬಹುದೆಂದಾದ ಮೇಲೆ, ಆ ಕಟ್ಟು ಒಪ್ಪಂದದ ಕಾಗದದೊಳಗೇ ಇರಬೇಕಾಗುತ್ತದೆ.

ಆದುದರಿಂದ ಮುಂದೆ ಯಾರಾದರೂ ಕಂಬಳದ ನೋಟವನ್ನು ಕೊಳ್ಳಲು ಬಂದಾಗ, ಬೆಲೆ ಎಷ್ಟೆಂಬುದು ಎರಡನೆಯ ಮಾತು. ಅದು ವರ್ಷದ ಏಲಮೋ ಮೂಲಗೇಣಿಯೋ, ದಿನಗಳನ್ನು ಗೊತ್ತುಮಾಡುವವರ ಮನೆಗೆ ಅದರಲ್ಲಿ ಪಾಲು ಹೋಗುವುದೋ ಇಲ್ಲವೋ, ಒಂದೇ ಜೊತೆ ಕೋಣವಿರುವ ಕಡಬದ ಒಕ್ಕಲಿಗೂ ಹತ್ತು ಜೊತೆಯಿರುವ ಶ್ರೀಮಂತನಿಗೂ ಮತ ಸಮಾನವೋ ಅಲ್ಲವೋ, ಓಟಗಾರನ ಪಾಲು ಯಜಮಾನನ ಔದಾರ್ಯದಿಂದ ಬರುವುದೋ ಹಕ್ಕಿನಿಂದ ಬರುವುದೋ, ಹುಣಿಯ ಮೇಲೆ ನಿಲ್ಲುವ ಮುದುಕನಿಗೆ ಮನೆಯಲ್ಲಿಯೂ ಬಿಟ್ಟಿ ನೋಟವುಂಟೋ ಇಲ್ಲವೋ, ಒಂದು ಜೊತೆಯು ವರ್ಷಕ್ಕೆ ಎಷ್ಟು ಸಲ ಗದ್ದೆಗಿಳಿಯಬಹುದೋ, ಇವೆಲ್ಲವೂ ಮೊದಲು ಇತ್ಯರ್ಥವಾಗಬೇಕಾದುವು. ಹಣವು ಬಂದ ಮೇಲೆ ಇವನ್ನು ಚರ್ಚಿಸಲು ಫಾರ್ಮುಲಾ ಒನ್ನಿನವರಿಗೆ ನಾಲ್ಕು ದಶಕಗಳು ಸಾಲಲಿಲ್ಲ. ಕ್ಯಾಂಪ್ಕೊದ ನಿಬಂಧನೆಗಳನ್ನು ಬರೆದವರ ಮಕ್ಕಳೂ ಮೊಮ್ಮಕ್ಕಳೂ ಇರುವ ಊರಿನಲ್ಲಿ ಇಂತಹ ಕಾಗದವನ್ನು ಬರೆಯಬಲ್ಲವರಿಗೆ ಕೊರತೆಯಿರಲಾರದು. ಪುತ್ತೂರಿನ ಕಂಬಳವು ಮುಗಿದ ಕೆಲವು ವಾರಗಳಲ್ಲಿಯೇ ದೇವರಮಾರು ಗದ್ದೆಯು ಏಪ್ರಿಲಿನ ಜಾತ್ರೆಗೆ ಅಣಿಯಾಗುತ್ತದೆ. ಸಮಿತಿಗಳ ಲೆಕ್ಕಪತ್ರವನ್ನು ಓದಿ ಹೇಳುವ ಸಭೆಗಳೂ ಸಾಮಾನ್ಯವಾಗಿ ಆ ನಡುವಿನ ಬಿಡುವಿನಲ್ಲಿಯೇ ಸೇರುವುದು. ಅಂತಹ ಸಭೆಗಳಿಗೆ ಬರುವವರು ಯಾವಾಗಲೂ ಕಡಿಮೆ.